ಅಪ್‌ಡೇಟ್ ಆಯಿತು, ಗಣಕ ನಿಂತಿತು: ಹೊಣೆ ಯಾರದು?

ಗಣಕಯಂತ್ರ ಕೆಟ್ಟು ನಿಂತರೆ ಅದು ಮನೆಯ ಅಥವಾ ಅಂಗಡಿಯ ಖಾಸಗಿ ತಾಪತ್ರಯ ಎಂದು ಭಾವಿಸುವ ಕಾಲ ಮುಗಿದಿದೆ. ಪಹಣಿ, ಜಾತಿ ಪ್ರಮಾಣಪತ್ರ, ಆಸ್ತಿ ನೋಂದಣಿ, ಸಿಇಟಿ ಅರ್ಜಿ, ಪರೀಕ್ಷೆಯ ಪ್ರವೇಶ ಪತ್ರ ಎಲ್ಲವೂ ಯಾವುದೋ ಒಂದು ಮೇಜಿನ ಮೇಲಿನ ಗಣಕದ ಮೂಲಕವೇ ಜನರ ಕೈ ಸೇರಬೇಕಾಗಿದೆ. ಆ ಗಣಕ ಹಿಂದಿನ ರಾತ್ರಿ ತಾನಾಗಿಯೇ ಅಪ್‌ಡೇಟ್ ಆಗಿ ಮರುದಿನ ಬೆಳಿಗ್ಗೆ ತೆರೆದುಕೊಳ್ಳದಿದ್ದರೆ ನಷ್ಟ ಯಂತ್ರದ ಮಾಲೀಕನಿಗೆ ಮಾತ್ರ ಸೀಮಿತವಾಗುವುದಿಲ್ಲ. ಸರದಿಯಲ್ಲಿ ನಿಂತವರೆಲ್ಲರ ದಿನಗೂಲಿ, ಬಸ್ ಚಾರ್ಜು, ಕೆಲವೊಮ್ಮೆ ಅರ್ಜಿಯ ಕೊನೆಯ ದಿನವೂ ಅದರೊಂದಿಗೆ ಹೋಗುತ್ತದೆ. ದೋಷಪೂರಿತ ಅಪ್‌ಡೇಟ್‌ನಿಂದಾಗುವ ಅನಾಹುತದ ಹೊಣೆ ಯಾರದು, ದುರಸ್ತಿಯ ವ್ಯವಸ್ಥೆ ಯಾರ ಬಳಿ ಇದೆ ಎಂಬ ಪ್ರಶ್ನೆಗಳನ್ನು ಈಗ ಸಾರ್ವಜನಿಕವಾಗಿಯೇ ಚರ್ಚಿಸಬೇಕಾಗಿದೆ.

78 ನಿಮಿಷಗಳ ಪಾಠ

ಈ ಪ್ರಶ್ನೆಯನ್ನು ಜಗತ್ತಿನ ಮುಂದೆ ಅತ್ಯಂತ ಸ್ಪಷ್ಟವಾಗಿ ಇಟ್ಟದ್ದು 2024ರ ಜುಲೈ 19ರ ಶುಕ್ರವಾರ. ಅಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಗಣಕ ಭದ್ರತಾ ಕಂಪನಿಯು ತನ್ನ ಫಾಲ್ಕನ್ ತಂತ್ರಾಂಶಕ್ಕೆ ಒಂದು ಸಣ್ಣ ಕಡತವನ್ನು ರವಾನಿಸಿತು. ತಪ್ಪು ಅರಿವಿಗೆ ಬಂದು 10.57ಕ್ಕೆ ಅದನ್ನು ಹಿಂತೆಗೆದುಕೊಂಡಿತು. ನಡುವೆ ಕಳೆದದ್ದು ಕೇವಲ 78 ನಿಮಿಷ. ಆ ಅವಧಿಯಲ್ಲಿ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ನಿಂತವು ಎಂದು ಮೈಕ್ರೋಸಾಫ್ಟ್ ಅಂದಾಜು ಮಾಡಿತು. ಇದು ಒಟ್ಟು ವಿಂಡೋಸ್ ಯಂತ್ರಗಳ ಶೇಕಡ 1ಕ್ಕಿಂತಲೂ ಕಡಿಮೆ ಎಂಬುದು ಗಮನಾರ್ಹ. ಆದರೆ ಆ ಯಂತ್ರಗಳು ಆಸ್ಪತ್ರೆ, ಬ್ಯಾಂಕು, ವಿಮಾನ ನಿಲ್ದಾಣಗಳಲ್ಲಿದ್ದವು.

ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಇದರ ಬಿಸಿ ತಟ್ಟಿತು. ಹಲವು ವಿಮಾನಯಾನ ಸಂಸ್ಥೆಗಳ ಚೆಕ್-ಇನ್ ವ್ಯವಸ್ಥೆ ಸ್ಥಗಿತಗೊಂಡು ಪ್ರಯಾಣಿಕರು ಗಂಟೆಗಟ್ಟಲೆ ಕಾಯಬೇಕಾಯಿತು. ದೇಶದ ಹಲವು ನಿಲ್ದಾಣಗಳಲ್ಲಿ ಸಿಬ್ಬಂದಿ ಕೈಬರಹದಲ್ಲೇ ಬೋರ್ಡಿಂಗ್ ಪಾಸ್ ಬರೆದುಕೊಟ್ಟರು. ಇಂಡಿಗೊ ಸಂಸ್ಥೆಯೊಂದೇ ಸುಮಾರು 200 ವಿಮಾನಗಳ ಹಾರಾಟವನ್ನು ರದ್ದುಗೊಳಿಸಿತು. ರಾಷ್ಟ್ರೀಯ ಮಾಹಿತಿ ಕೇಂದ್ರದ ಜಾಲಕ್ಕೆ ಧಕ್ಕೆಯಾಗಿಲ್ಲ ಎಂದು ಕೇಂದ್ರ ಸಚಿವ ಅಶ್ವಿನಿ ವೈಷ್ಣವ್ ಅಂದೇ ತಿಳಿಸಿದರು. ಸರ್ಕಾರಿ ಕಚೇರಿಗಳು ಆ ದಿನ ಪಾರಾದವು ಎಂಬುದು ಸಮಾಧಾನದ ಸಂಗತಿಯೇ. ಆದರೆ ಒಂದು ಆಪತ್ತು ತಗುಲದೇ ಹೋಯಿತೆಂದ ಮಾತ್ರಕ್ಕೆ ಮುಂದಿನದಕ್ಕೆ ಸಿದ್ಧತೆ ಇದೆ ಎಂದು ಅರ್ಥವಲ್ಲ.

ಅಂದಿನ ದೋಷದ ಮೂಲ ಅಚ್ಚರಿ ಹುಟ್ಟಿಸುವಷ್ಟು ಸಣ್ಣದು. ಹೊಸ ಕಡತವು 21 ಅಂಶಗಳನ್ನು ನಿರೀಕ್ಷಿಸಿತು. ತಂತ್ರಾಂಶ ಒದಗಿಸಿದ್ದು 20. ಇಲ್ಲದ ಇಪ್ಪತ್ತೊಂದನೆಯದನ್ನು ಓದಲು ಹೋಗಿ ಯಂತ್ರ ಕುಸಿಯಿತು. ಸಾಮಾನ್ಯ ತಂತ್ರಾಂಶವೊಂದು ಹೀಗೆ ಎಡವಿದ್ದರೆ ಅದೊಂದೇ ಮುಚ್ಚಿಕೊಳ್ಳುತ್ತಿತ್ತು. ಫಾಲ್ಕನ್ ಕೆಲಸ ಮಾಡುವುದು ಕಾರ್ಯಾಚರಣ ವ್ಯವಸ್ಥೆಯ ತಿರುಳಿನಲ್ಲಿ, ಅಂದರೆ ಕರ್ನಲ್ ಮಟ್ಟದಲ್ಲಿ. ಅಲ್ಲಿ ಒಂದು ತಪ್ಪಾದರೆ ಇಡೀ ಯಂತ್ರವೇ ನಿಲ್ಲುತ್ತದೆ. ಮತ್ತೆ ಚಾಲೂ ಮಾಡಿದರೆ ಅದೇ ಕಡತ ಮತ್ತೆ ಓದಲ್ಪಟ್ಟು ಮತ್ತೆ ನಿಲ್ಲುತ್ತದೆ.

ಕಂಪನಿ 78 ನಿಮಿಷದಲ್ಲಿ ತಪ್ಪನ್ನು ಹಿಂತೆಗೆದುಕೊಂಡರೂ ಜಗತ್ತು ದಿನಗಟ್ಟಲೆ ಪರದಾಡಿದ್ದು ಇದೇ ಕಾರಣಕ್ಕೆ. ನಿಂತುಹೋದ ಯಂತ್ರಕ್ಕೆ ಅಂತರ್ಜಾಲದ ಮೂಲಕ ಚಿಕಿತ್ಸೆ ತಲುಪಿಸುವುದು ಬಹುತೇಕ ಅಸಾಧ್ಯವಾಗಿತ್ತು. ಒಬ್ಬ ವ್ಯಕ್ತಿ ಪ್ರತಿ ಯಂತ್ರದ ಮುಂದೆ ಕುಳಿತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಕಡತವನ್ನು ಕೈಯಾರೆ ಅಳಿಸಬೇಕಿತ್ತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗವಿದ್ದಲ್ಲಿ 48 ಅಂಕಿಗಳ ಕೀಲಿಸಂಖ್ಯೆಯನ್ನೂ ಹುಡುಕಬೇಕಿತ್ತು. ಎಷ್ಟೋ ಸಂಸ್ಥೆಗಳಲ್ಲಿ ಆ ಕೀಲಿಗಳನ್ನು ಇಟ್ಟಿದ್ದ ಸರ್ವರೇ ನಿಂತುಹೋಗಿತ್ತು. ತಪ್ಪು ಮಾಡಲು ಒಂದು ಗುಂಡಿ ಸಾಕು, ತಿದ್ದಲು ಯಂತ್ರಕ್ಕೊಬ್ಬ ಮನುಷ್ಯ ಬೇಕು. ಆ ದಿನದ ಪಾಠವೆಂದರೆ ಇದೇ.

ಅದೇ ದೋಷ, ಬೇರೆ ಬಡಾವಣೆ

ವಿಮಾನ ನಿಲ್ದಾಣದಿಂದ ಸುಮಾರು 70 ಕಿಲೋಮೀಟರ್ ದೂರದ ತುಮಕೂರಿಗೆ ಬರೋಣ. ಶೆಟ್ಟಿಹಳ್ಳಿಯಂಥ ಬಡಾವಣೆಯಲ್ಲಿ ಸರ್ಕಾರದ ಸೇವೆಗಳು ಜನರಿಗೆ ತಲುಪುವುದು ಸರ್ಕಾರಿ ಕಚೇರಿಯಿಂದ ಮಾತ್ರವಲ್ಲ. ಜೆರಾಕ್ಸ್ ಅಂಗಡಿ, ಡಿಟಿಪಿ ಕೇಂದ್ರ, ಸೈಬರ್ ಸೆಂಟರ್‌ಗಳೂ ಈ ಸರಪಳಿಯ ಕೊಂಡಿಗಳೇ. ಸೇವಾ ಸಿಂಧು ಅರ್ಜಿ, ವಿದ್ಯಾರ್ಥಿವೇತನ, ಪರೀಕ್ಷಾ ಪ್ರಾಧಿಕಾರದ ನಮೂನೆ ಯಾವುದೇ ಇರಲಿ, ಮನೆಯಲ್ಲಿ ಗಣಕವಿಲ್ಲದವರು ಬರುವುದು ಇಲ್ಲಿಗೆ. ಈ ಯಂತ್ರಗಳ ಮಾಲೀಕ ಸರ್ಕಾರವಲ್ಲ. ಆದರೆ ಸರ್ಕಾರದ ಕೆಲಸ ನಡೆಯುವುದು ಇವುಗಳ ಮೇಲೆ.

ವಿಮಾನ ನಿಲ್ದಾಣದ ಯಂತ್ರಕ್ಕೂ ಬಡಾವಣೆಯ ಅಂಗಡಿಯ ಯಂತ್ರಕ್ಕೂ ತಗುಲುವ ರೋಗ ಹೆಚ್ಚುಕಡಿಮೆ ಒಂದೇ. ವ್ಯತ್ಯಾಸ ಇರುವುದು ಆರೈಕೆಯಲ್ಲಿ. ಅಲ್ಲಿ ಇಂಜಿನಿಯರುಗಳ ತಂಡವಿದೆ, ಬದಲಿ ಯಂತ್ರಗಳಿವೆ, ಕಂಪನಿಯೊಂದಿಗೆ ಒಪ್ಪಂದವಿದೆ. ಇಲ್ಲಿ ಇರುವುದು ಒಂದೇ ಯಂತ್ರ. ಅದನ್ನು ಹೊತ್ತುಕೊಂಡು ಹೋಗಿ ರಿಪೇರಿ ಅಂಗಡಿಯ ಮುಂದಿಡಬೇಕು. ಅಲ್ಲಿ ಬಹುತೇಕ ಸಿಗುವ ಉತ್ತರವೂ ಒಂದೇ: ‘ಫಾರ್ಮ್ಯಾಟ್ ಮಾಡಬೇಕು’.

ಫಾರ್ಮ್ಯಾಟ್ ಎಂಬುದು ಚಿಕಿತ್ಸೆಯ ಕೊನೆಯ ಮೆಟ್ಟಿಲಾಗಬೇಕೇ ಹೊರತು ಮೊದಲನೆಯದಲ್ಲ. ಅದರಲ್ಲಿ ಗ್ರಾಹಕರ ದಾಖಲೆಗಳು, ಬಿಲ್ಲುಗಳು, ಲೆಕ್ಕಪತ್ರ ಎಲ್ಲವೂ ಅಳಿಸಿಹೋಗಬಹುದು. ಕನ್ನಡದ ಮಟ್ಟಿಗೆ ಇನ್ನೊಂದು ತೊಂದರೆಯೂ ಉಂಟು. ಹಲವು ಡಿಟಿಪಿ ಕೇಂದ್ರಗಳಲ್ಲಿ ಯೂನಿಕೋಡ್‌ಗೆ ಮುಂಚಿನ ನುಡಿ, ಬರಹ ಅಕ್ಷರಶೈಲಿಗಳಲ್ಲಿ ಸಿದ್ಧಪಡಿಸಿದ ಹಳೆಯ ಕಡತಗಳಿವೆ. ಕಡತಗಳ ಪ್ರತಿ ಉಳಿಸಿಕೊಂಡಿದ್ದರೂ ಹೊಸದಾಗಿ ಸ್ಥಾಪಿಸಿದ ವ್ಯವಸ್ಥೆಯಲ್ಲಿ ಆ ಅಕ್ಷರಶೈಲಿಗಳನ್ನು ಮತ್ತೆ ಹಾಕದಿದ್ದರೆ ತೆರೆದಾಗ ಕಾಣುವುದು ಕನ್ನಡವಲ್ಲ, ಅರ್ಥವಿಲ್ಲದ ಚಿಹ್ನೆಗಳ ಸಾಲು.

ಮೊದಲು ಮಾಡಬೇಕಾದ್ದೇನು?

ಅಪ್‌ಡೇಟ್ ನಂತರ ಕುಸಿಯುವ ಬಹಳಷ್ಟು ಯಂತ್ರಗಳನ್ನು ಫಾರ್ಮ್ಯಾಟ್ ಇಲ್ಲದೆಯೇ ಎಬ್ಬಿಸಬಹುದು. ಕ್ರಮ ತಪ್ಪಬಾರದು ಅಷ್ಟೆ.

ಅಪ್‌ಡೇಟ್ ನಡೆಯುತ್ತಿದೆ ಎಂಬ ಸಂದೇಶ ಪರದೆಯ ಮೇಲಿದ್ದು ಡಿಸ್ಕ್‌ನ ದೀಪ ಮಿನುಗುತ್ತಿದ್ದರೆ ಕಾಯಬೇಕು. ಅವಸರಪಟ್ಟು ವಿದ್ಯುತ್ ತೆಗೆಯಬಾರದು. ವ್ಯವಸ್ಥೆಯ ಮೂಲ ಕಡತಗಳು ಬದಲಾಗುತ್ತಿರುವಾಗ ಕರೆಂಟ್ ಹೋಗುವುದೇ ಎಷ್ಟೋ ಕುಸಿತಗಳಿಗೆ ಕಾರಣ. ಯುಪಿಎಸ್ ಇಲ್ಲದ ಅಂಗಡಿಯಲ್ಲಿ ಅಪ್‌ಡೇಟ್ ಎಂಬುದು ಜೂಜಾಟ. ಬಳಿಕ ಪ್ರಿಂಟರ್, ಪೆನ್‌ಡ್ರೈವ್, ಬೆರಳಚ್ಚು ಯಂತ್ರಗಳನ್ನು ಕಳಚಿ ಒಮ್ಮೆ ಚಾಲೂ ಮಾಡಿ ನೋಡಬೇಕು. ಹೊಸ ಅಪ್‌ಡೇಟ್‌ಗೆ ಹೊಂದದ ಹಳೆಯ ಸಾಧನದ ಚಾಲಕ ತಂತ್ರಾಂಶವೇ ಹಲವೊಮ್ಮೆ ತಪ್ಪಿತಸ್ಥ.

ಎರಡನೆಯದಾಗಿ, ಯಂತ್ರ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ಪಾಸ್‌ವರ್ಡ್ ಕೊಟ್ಟ ನಂತರ ಪರದೆ ಖಾಲಿಯಾಗುತ್ತಿದ್ದರೆ ವ್ಯವಸ್ಥೆ ಜೀವಂತವಿದೆ ಎಂದೇ ಅರ್ಥ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅಲ್ಲಿ ಎಕ್ಸ್‌ಪ್ಲೋರರ್ ಅನ್ನು ಮತ್ತೆ ಚಾಲೂ ಮಾಡಿದರೆ ಡೆಸ್ಕ್‌ಟಾಪ್ ಮರಳಿ ಬರಬಹುದು. ಪಾಸ್‌ವರ್ಡ್ ಕೇಳುವ ಮುನ್ನವೇ ನಿಲ್ಲುತ್ತಿದ್ದರೆ ದೋಷ ಆಳದಲ್ಲಿದೆ.

ಅಂಥ ಸಂದರ್ಭದಲ್ಲಿ ಯಂತ್ರ ತೆರೆದುಕೊಳ್ಳುತ್ತಿರುವಾಗಲೇ ಎರಡು ಮೂರು ಬಾರಿ ನಿಲ್ಲಿಸಿದರೆ ವಿಂಡೋಸ್ ತಾನಾಗಿಯೇ ದುರಸ್ತಿ ಪರದೆಯನ್ನು ತೋರಿಸುತ್ತದೆ. ಅಲ್ಲಿ ಇತ್ತೀಚಿನ ಅಪ್‌ಡೇಟನ್ನು ತೆಗೆದುಹಾಕುವ ಆಯ್ಕೆ ಇದೆ. ಮೊದಲು ಪ್ರಯತ್ನಿಸಬೇಕಾದ್ದು ಅದನ್ನೇ. ಫಲಿಸದಿದ್ದರೆ ಸೇಫ್ ಮೋಡ್‌ನಲ್ಲಿ ತೆರೆದು ಹೊಸ ಚಾಲಕ ತಂತ್ರಾಂಶವನ್ನು ಹಿಂದಿನದಕ್ಕೆ ಮರಳಿಸಬೇಕು. ಆಮೇಲೆ ಸಿಸ್ಟಮ್ ರಿಸ್ಟೋರ್, ಅಂದರೆ ಯಂತ್ರವನ್ನು ಹಿಂದಿನ ಸುಸ್ಥಿತಿಗೆ ಒಯ್ಯುವ ಮಾರ್ಗ. ಇವೆಲ್ಲವೂ ಸೋತರೆ ಲಿನಕ್ಸ್ ಇರುವ ಪೆನ್‌ಡ್ರೈವ್‌ನಿಂದ ಯಂತ್ರವನ್ನು ತೆರೆದು ದಾಖಲೆಗಳನ್ನು ಬೇರೆಡೆಗೆ ನಕಲಿಸಿಕೊಂಡ ಮೇಲೆಯೇ ಫಾರ್ಮ್ಯಾಟ್ ಮಾತು. ಲಿನಕ್ಸ್ ಬಳಸುವವರಿಗೆ ದಾರಿ ಇನ್ನೂ ಹತ್ತಿರ. ಯಂತ್ರ ತೆರೆಯುವಾಗಿನ ಪಟ್ಟಿಯಲ್ಲಿ ಹಿಂದಿನ ಕರ್ನಲ್ ಸಾಮಾನ್ಯವಾಗಿ ಉಳಿದಿರುತ್ತದೆ. ಅದನ್ನು ಆರಿಸಿಕೊಂಡರೆ ಬಹಳಷ್ಟು ಸಂದರ್ಭಗಳಲ್ಲಿ ಕೆಲಸ ಮುಂದುವರಿಯುತ್ತದೆ.

ಇಷ್ಟಕ್ಕೂ ಒಂದು ಶರತ್ತಿದೆ: ಡಿಸ್ಕ್‌ನ ಬೀಗದ ಕೀಲಿಸಂಖ್ಯೆ ಕೈಯಲ್ಲಿರಬೇಕು. ವಿಂಡೋಸ್ 11ರ ಇತ್ತೀಚಿನ ಆವೃತ್ತಿಗಳನ್ನು ಹೊಸದಾಗಿ ಸ್ಥಾಪಿಸಿ ಮೈಕ್ರೋಸಾಫ್ಟ್ ಖಾತೆಯಿಂದ ಪ್ರವೇಶಿಸಿದಾಗ ಬಹುತೇಕ ಯಂತ್ರಗಳಲ್ಲಿ ಈ ಬೀಗ ತಾನಾಗಿಯೇ ಬೀಳುತ್ತದೆ. ಕೀಲಿ ಆ ಖಾತೆಯಲ್ಲಿ ಉಳಿಯುತ್ತದೆ. ಯಂತ್ರ ಮಾರಿದ ಅಂಗಡಿಯವರು ಯಾರ ಹೆಸರಿನಲ್ಲಿ, ಯಾವ ಇಮೇಲ್‌ನಿಂದ ಖಾತೆ ತೆರೆದರು ಎಂಬುದೇ ಗೊತ್ತಿಲ್ಲದಿದ್ದರೆ ಸ್ವಂತ ಯಂತ್ರದ ಬಾಗಿಲಲ್ಲಿ ಮಾಲೀಕನೇ ಪರಕೀಯ. ಯಂತ್ರ ಸುಸ್ಥಿತಿಯಲ್ಲಿರುವಾಗಲೇ ಆ ಸಂಖ್ಯೆಯನ್ನು ಕಾಗದದ ಮೇಲೆ ಮುದ್ರಿಸಿಟ್ಟುಕೊಳ್ಳುವುದು ವಿವೇಕ.

ದುರಸ್ತಿಯ ದಾರಿಯೂ ಮುಚ್ಚಿದಾಗ

ಬಳಕೆದಾರ ಎಲ್ಲವನ್ನೂ ಸರಿಯಾಗಿ ಮಾಡಿದರೂ ಸಾಲದ ಸಂದರ್ಭಗಳಿವೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಹೊರತಂದ ವಿಂಡೋಸ್ 11ರ ಅಪ್‌ಡೇಟ್ ದುರಸ್ತಿ ಪರದೆಯಲ್ಲಿ ಯುಎಸ್‌ಬಿ ಕೀಲಿಮಣೆ ಮತ್ತು ಮೌಸ್‌ಗಳನ್ನೇ ನಿಷ್ಕ್ರಿಯಗೊಳಿಸಿತು. ಔಷಧದ ಕಪಾಟು ಕಣ್ಣೆದುರಿಗಿದೆ, ಕೈ ಚಾಚುವಂತಿಲ್ಲ! ಅದೇ ತಿಂಗಳ 20ರಂದು ಕಂಪನಿ ತುರ್ತು ತಿದ್ದುಪಡಿ ಹೊರಡಿಸಿತು.

ಅದೇ ಅಕ್ಟೋಬರ್ 14ರಂದೇ ವಿಂಡೋಸ್ 10ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್‌ಗಳು ನಿಂತವು ಎಂಬುದು ಇನ್ನೊಂದು ಸಂಗತಿ. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಮತ್ತು ಹೊಸ ತಲೆಮಾರಿನ ಪ್ರೊಸೆಸರ್ ಬೇಕು. ಇಂಟೆಲ್‌ನದ್ದಾದರೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅದರ ನಂತರದ್ದಾಗಬೇಕು. ಸಣ್ಣ ಊರುಗಳ ಅಂಗಡಿಗಳಲ್ಲಿ ದುಡಿಯುವ ಹಳೆಯ ಯಂತ್ರಗಳೆಷ್ಟೋ ಈ ಅರ್ಹತೆ ಪಡೆಯುವುದಿಲ್ಲ. ಅವುಗಳ ಮಾಲೀಕರ ಮುಂದಿರುವ ದಾರಿಗಳು ಕೆಲವೇ: ಹೊಸ ಯಂತ್ರ ಕೊಳ್ಳುವುದು, ಲಿನಕ್ಸ್‌ಗೆ ಬದಲಾಗುವುದು, ಸೀಮಿತ ಅವಧಿಯ ವಿಸ್ತರಿತ ಭದ್ರತಾ ಸೇವೆಗೆ ನೋಂದಾಯಿಸಿಕೊಳ್ಳುವುದು, ಇಲ್ಲವೇ ಅಪಾಯದೊಂದಿಗೇ ಬಾಳುವುದು.

ಅಪ್‌ಡೇಟನ್ನೇ ನಿಲ್ಲಿಸಬಹುದೇ?

ಇಷ್ಟೆಲ್ಲ ಕೇಳಿದವರಿಗೆ ಅಪ್‌ಡೇಟೇ ಬೇಡ ಎನಿಸುವುದು ಸಹಜ. ಹಲವು ಅಂಗಡಿಗಳಲ್ಲಿ ಅದನ್ನು ಶಾಶ್ವತವಾಗಿ ಬಂದ್ ಮಾಡಿರುವುದೂ ಉಂಟು. ಆದರೆ ಈ ಮದ್ದು ರೋಗಕ್ಕಿಂತ ಕೆಟ್ಟದ್ದು. ವಾನಾಕ್ರೈ ಎಂಬ ಸುಲಿಗೆ ತಂತ್ರಾಂಶ 2017ರ ಮೇ 12ರಂದು ಹರಡಲಾರಂಭಿಸಿ ಸುಮಾರು 150 ದೇಶಗಳ ಎರಡು ಲಕ್ಷಕ್ಕೂ ಹೆಚ್ಚು ಯಂತ್ರಗಳ ಕಡತಗಳಿಗೆ ಬೀಗ ಜಡಿಯಿತು. ಅದು ನುಸುಳಿದ ರಂಧ್ರವನ್ನು ಮುಚ್ಚುವ ಅಪ್‌ಡೇಟ್ ಅದೇ ವರ್ಷದ ಮಾರ್ಚ್ 14ರಂದೇ ಬಂದಿತ್ತು. ಎರಡು ತಿಂಗಳಾದರೂ ಹಾಕಿಕೊಳ್ಳದಿದ್ದವರು ಸಿಕ್ಕಿಬಿದ್ದರು.

ಆದ್ದರಿಂದ ಪ್ರಶ್ನೆ ಅಪ್‌ಡೇಟ್ ಬೇಕೇ ಬೇಡವೇ ಎಂಬುದಲ್ಲ; ಯಾವಾಗ, ಯಾವ ಕ್ರಮದಲ್ಲಿ ಎಂಬುದು. ಮೈಕ್ರೋಸಾಫ್ಟ್‌ನ ಮಾಸಿಕ ಅಪ್‌ಡೇಟ್ ಬರುವುದು ತಿಂಗಳ ಎರಡನೆಯ ಮಂಗಳವಾರ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಿಗ್ಗೆ 10 ಗಂಟೆ ಎಂದರೆ ನಮ್ಮಲ್ಲಿ ರಾತ್ರಿ 10.30 ಅಥವಾ, ಚಳಿಗಾಲದಲ್ಲಿ, 11.30. ಹೀಗಾಗಿ ಅದರ ಫಲಾಫಲ ಇಲ್ಲಿ ಗೊತ್ತಾಗುವುದು ಬುಧವಾರ ಬೆಳಿಗ್ಗೆ ಕೌಂಟರ್ ತೆರೆಯುವ ಹೊತ್ತಿಗೆ ಅಥವಾ ಅದರ ನಂತರ. ಕೆಲವು ದಿನ ಅಪ್‌ಡೇಟ್ ಮುಂದೂಡುವ ಸೌಲಭ್ಯ ವಿಂಡೋಸ್‌ನಲ್ಲೇ ಇದೆ. ಒಂದು ವಾರ ತಡೆದು, ತೊಂದರೆಯ ಸುದ್ದಿ ಇಲ್ಲವೆಂದು ಖಚಿತಪಡಿಸಿಕೊಂಡು, ವಹಿವಾಟು ಮುಗಿದ ಶನಿವಾರ ಸಂಜೆ ಹಾಕಿಕೊಂಡರೆ ಎರಡೂ ಕಡೆಯ ಅಪಾಯ ತಗ್ಗುತ್ತದೆ. ಹತ್ತು ಯಂತ್ರಗಳಿರುವ ಕಚೇರಿಯಲ್ಲಿ ಮೊದಲು ಒಂದಕ್ಕೆ ಹಾಕಿ, ಅದು ಸರಿಯಾಗಿ ನಡೆದ ಮೇಲೆ ಉಳಿದವಕ್ಕೆ ಹಾಕಬೇಕು. ಕ್ರೌಡ್‌ಸ್ಟ್ರೈಕ್ ಕಂಪನಿಯೂ ಅನಾಹುತದ ನಂತರ ಕಲಿತದ್ದು ಇದನ್ನೇ. ಎಲ್ಲರಿಗೂ ಒಮ್ಮೆಗೇ ರವಾನಿಸದೆ ಹಂತಹಂತವಾಗಿ ಕಳುಹಿಸುವುದಾಗಿ ಅದು ಪ್ರಕಟಿಸಿತು.

‘ಸರ್ವರ್ ಡೌನ್’ ಎಂಬ ಫಲಕದ ಹಿಂದೆ

ಕರ್ನಾಟಕದಲ್ಲಿ ಗಣಕದ ಎಲ್ಲ ಕಾಯಿಲೆಗಳಿಗೂ ಜನರಿಗೆ ಹೇಳಲಾಗುವ ಹೆಸರು ಒಂದೇ: ‘ಸರ್ವರ್ ಡೌನ್’. ಈ ಎರಡು ಪದಗಳು ಮೂರು ಬೇರೆ ಬೇರೆ ದೋಷಗಳನ್ನು ಮುಚ್ಚಿಡುತ್ತವೆ. ಕೇಂದ್ರದ ಸರ್ವರ್ ನಿಜವಾಗಿಯೂ ಕುಸಿದಿರಬಹುದು. ನಡುವಿನ ಜಾಲ ಕಡಿದಿರಬಹುದು. ಇಲ್ಲವೇ ಕೌಂಟರಿನ ಮೇಲಿನ ಯಂತ್ರವೇ ಕೆಟ್ಟಿರಬಹುದು. 2025ರ ಜನವರಿ ಕೊನೆ ಮತ್ತು ಫೆಬ್ರವರಿ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಸ್ಥಗಿತಗೊಂಡು ರಾಜ್ಯಾದ್ಯಂತ ಆಸ್ತಿ ನೋಂದಣಿಗೆ ಅಡ್ಡಿಯಾದಾಗ ಅದು ಕೇಂದ್ರ ವ್ಯವಸ್ಥೆಯ ಮೇಲೆ ನಡೆದ ದಾಳಿ ಎಂದು ಸರ್ಕಾರ ಹೇಳಿತು. ಅಂಥ ದಿನ ಉಪ ನೋಂದಣಾಧಿಕಾರಿ ಕಚೇರಿಯ ಸಿಬ್ಬಂದಿ ಅಸಹಾಯಕರು. ಆದರೆ ಕೌಂಟರಿನ ಯಂತ್ರ ಅಪ್‌ಡೇಟ್‌ನಿಂದ ನಿಂತಿದ್ದರೆ ಪರಿಹಾರ ಅದೇ ಕಟ್ಟಡದಲ್ಲಿ ಸಾಧ್ಯ. ಎರಡಕ್ಕೂ ಒಂದೇ ಫಲಕ ತೂಗುಹಾಕಿದರೆ ಯಾರನ್ನು ಕೇಳಬೇಕು, ಎಷ್ಟು ಹೊತ್ತು ಕಾಯಬೇಕು, ಪಕ್ಕದ ಕೇಂದ್ರಕ್ಕೆ ಹೋಗಬೇಕೇ ಎಂಬುದು ನಾಗರಿಕರಿಗೆ ತಿಳಿಯುವುದೇ ಇಲ್ಲ.

ಇಲ್ಲಿ ಇನ್ನೂ ಗಂಭೀರವಾದ ಅಂಶವೊಂದಿದೆ. 2024ರ ಜುಲೈನಲ್ಲಿ ವಿಮಾನ ನಿಲ್ದಾಣಗಳು ಕೈಬರಹದ ಪಾಸ್ ಕೊಟ್ಟು ದಿನ ದೂಡಿದವು. ನಮ್ಮ ತಾಲ್ಲೂಕು ಕಚೇರಿಗಳಿಗೆ ಆ ಅವಕಾಶವೂ ಇಲ್ಲ. ಎರಡು ದಶಕಗಳ ಹಿಂದೆ ಭೂಮಿ ಯೋಜನೆ ಜಾರಿಯಾದಾಗ ರಾಜ್ಯದ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ದಾಖಲೆ ತಿದ್ದುವ, ಸತಾಯಿಸುವ ಹಳೆಯ ಚಾಳಿಗೆ ಅದರಿಂದ ಕಡಿವಾಣ ಬಿತ್ತೆಂಬುದು ನಿಜ; ಆ ಸುಧಾರಣೆಯಿಂದ ಹಿಂದೆ ಸರಿಯಬೇಕೆಂದು ಯಾರೂ ಹೇಳಲಾರರು. ಆದರೆ ಪರ್ಯಾಯವನ್ನು ತೆಗೆದುಹಾಕಿದವರ ಮೇಲೆ ಉಳಿದ ಏಕೈಕ ದಾರಿಯನ್ನು ಸದಾ ತೆರೆದಿಡುವ ಹೊಣೆಯೂ ಬೀಳುತ್ತದೆ. ಗಣಕವೊಂದೇ ಬಾಗಿಲಾದ ಮೇಲೆ ಆ ಬಾಗಿಲು ಕಾಯುವುದು ಸೌಜನ್ಯವಲ್ಲ, ಕರ್ತವ್ಯ.

ಆಗಬೇಕಾದ್ದೇನು?

ಹೊಣೆಯ ಪ್ರಶ್ನೆಗೆ ನ್ಯಾಯಾಲಯಗಳಲ್ಲಿ ಉತ್ತರ ಹುಡುಕುವುದು ದೀರ್ಘ ಹಾದಿ. ತನಗೆ 50 ಕೋಟಿ ಡಾಲರ್ ನಷ್ಟವಾಯಿತೆಂದು ಹೇಳಿದ ಅಮೆರಿಕದ ಡೆಲ್ಟಾ ವಿಮಾನಯಾನ ಸಂಸ್ಥೆ 2024ರ ಅಕ್ಟೋಬರ್‌ನಲ್ಲಿ ಕ್ರೌಡ್‌ಸ್ಟ್ರೈಕ್ ವಿರುದ್ಧ ದಾವೆ ಹೂಡಿತು. ಜಾರ್ಜಿಯಾದ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ಅದರ ಬಹುಪಾಲು ವಾದಗಳ ವಿಚಾರಣೆಗೆ ಅವಕಾಶ ಕೊಟ್ಟಿತು. ಅಂಥ ದೈತ್ಯ ಸಂಸ್ಥೆಗೇ ಇಷ್ಟು ಕಾಲ ಬೇಕಾದರೆ, ಅಪ್‌ಡೇಟ್‌ನಿಂದ ಒಂದು ದಿನದ ಸಂಪಾದನೆ ಕಳೆದುಕೊಂಡ ಜೆರಾಕ್ಸ್ ಅಂಗಡಿಯವನು ಯಾರನ್ನು ಕಟಕಟೆಗೆ ಎಳೆದಾನು? ತಂತ್ರಾಂಶದೊಂದಿಗೆ ಬರುವ ಒಪ್ಪಂದಪತ್ರಗಳು ಕಂಪನಿಯ ಹೊಣೆಯನ್ನು ಸಾಮಾನ್ಯವಾಗಿ ಬಹಳ ಕಿರಿದಾಗಿಸಿರುತ್ತವೆ.

ಆದ್ದರಿಂದ ನಮ್ಮ ಕೈಯಲ್ಲಿರುವುದನ್ನು ಮೊದಲು ಸರಿಪಡಿಸಿಕೊಳ್ಳಬೇಕು. ಸಾರ್ವಜನಿಕ ಸೇವೆಯ ಪ್ರತಿ ಕೌಂಟರಿನಲ್ಲೂ ಅಪ್‌ಡೇಟ್‌ಗೆ ನಿಗದಿತ ದಿನ, ನಿಗದಿತ ಕ್ರಮ ಇರಬೇಕು. ಡಿಸ್ಕ್ ಬೀಗದ ಕೀಲಿಸಂಖ್ಯೆಗಳ ಮುದ್ರಿತ ಪ್ರತಿ ಜಿಲ್ಲಾ ಮಟ್ಟದಲ್ಲಿ ಭದ್ರವಾಗಿರಬೇಕು. ತಾಲ್ಲೂಕಿಗೊಂದಾದರೂ ಬದಲಿ ಯಂತ್ರ ಸಿದ್ಧವಿರಬೇಕು. ‘ಸರ್ವರ್ ಡೌನ್’ ಫಲಕದ ಜಾಗದಲ್ಲಿ ದೋಷ ಯಾವುದು, ಯಾವಾಗಿನಿಂದ, ಪರ್ಯಾಯ ಕೇಂದ್ರ ಎಲ್ಲಿ ಎಂಬ ಮೂರು ಸಾಲುಗಳ ಸೂಚನೆ ಬರಬೇಕು.

ಯಂತ್ರದ ದೋಷದಿಂದ ಅರ್ಜಿ ಸಲ್ಲಿಸಲಾಗದವರಿಗೆ ಕೊನೆಯ ದಿನಾಂಕವನ್ನು ವಿಸ್ತರಿಸಲು ಖಚಿತ ನಿಯಮವಿರಬೇಕು. ಅದು ಪ್ರತಿ ಬಾರಿ ಪ್ರತಿಭಟಿಸಿ ಪಡೆಯುವ ಔದಾರ್ಯ ಆಗಬಾರದು. ಖಾಸಗಿ ಅಂಗಡಿಯ ಯಂತ್ರ ಕೆಟ್ಟರೂ ಅನ್ಯಾಯವಾಗುವುದು ಅಭ್ಯರ್ಥಿಗೇ ಎಂಬುದನ್ನು ಆ ನಿಯಮ ಮರೆಯಬಾರದು. ದುರಸ್ತಿ ಪರದೆಯ ಇಂಗ್ಲಿಷ್ ಸಂದೇಶಗಳ ಮುಂದೆ ತಬ್ಬಿಬ್ಬಾಗುವ ನಿರ್ವಾಹಕರಿಗೆ ಕನ್ನಡದಲ್ಲಿ ಒಂದು ಹಾಳೆಯ ಪ್ರಥಮ ಚಿಕಿತ್ಸೆಯ ಕೈಪಿಡಿ ಬೇಕು. ಅದನ್ನು ಸಿದ್ಧಪಡಿಸುವ ಶಕ್ತಿ ತುಮಕೂರಿನಲ್ಲೇ ಇದೆ. 1963ರಲ್ಲಿ ಆರಂಭವಾದ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವೂ 2004ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯವೂ ಇರುವ ನಗರವಿದು. ವಿದ್ಯಾರ್ಥಿಗಳು ತಿಂಗಳಿಗೊಂದು ದಿನ ಬಡಾವಣೆಯ ಸೇವಾ ಕೇಂದ್ರಗಳಿಗೆ ಭೇಟಿ ಕೊಟ್ಟರೆ ಅವರಿಗೂ ಅದು ಪಾಠವೇ.

ತುಮಕೂರು 2016ರಲ್ಲಿ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾಯಿತು. ನಗರದ ಜಾಣತನವನ್ನು ರಸ್ತೆ, ದೀಪ, ಕ್ಯಾಮೆರಾಗಳಿಂದಷ್ಟೇ ಅಳೆಯಲಾಗದು. ಒಂದು ಬುಧವಾರ ಬೆಳಿಗ್ಗೆ ಕೌಂಟರಿನ ಯಂತ್ರ ತೆರೆದುಕೊಳ್ಳದೇ ಹೋದಾಗ ಅರ್ಧ ಗಂಟೆಯೊಳಗೆ ಮತ್ತೊಂದು ಯಂತ್ರ ಅದರ ಜಾಗಕ್ಕೆ ಬರುವುದೇ, ಸರದಿಯಲ್ಲಿ ನಿಂತವರು ಕೆಲಸ ಮುಗಿಸಿಕೊಂಡು ಮನೆಗೆ ಹೋಗುವರೇ ಎಂಬುದರಿಂದಲೂ ಅಳೆಯಬೇಕು. ರಾಜ್ಯದ ಉಳಿದ ನಗರಗಳಿಗೂ ಈ ಮಾತು ಅಷ್ಟೇ ಅನ್ವಯಿಸುತ್ತದೆ.